ಅಂಟಣ್ಣನ ಎರಡನೆಯ ಮೊಲ

ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದ ಮನುಷ್ಯನನ್ನು ಬೀದಿಯವರು ಅಂಟಣ್ಣ ಎಂದು ಕರೆಯುತ್ತಿದ್ದುದರಲ್ಲಿ ತಪ್ಪೇನೂ ಇರಲಿಲ್ಲ. ಲೋಕದಲ್ಲಿ ಬೇರೆ ಬೇರೆಯಾಗಿರುವುದೆಲ್ಲ ಗೋಂದು ಸಾಲದೆ ಹಾಗಾಗಿದೆ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ. ಸವರು, ಜೋಡಿಸು, ಒತ್ತುಯಂತ್ರದ ತಿರುಪು ಬಿಗಿ ಮಾಡು, ಮರುದಿನ ತೆಗೆ. ಅವನ ಕಸುಬೂ ತತ್ವಜ್ಞಾನವೂ ಇಷ್ಟರಲ್ಲೇ ಮುಗಿಯುತ್ತಿದ್ದವು.

ಮನೆಯ ಮುಂದಿನ ಕೋಣೆ ಅವನ ಕಾರ್ಖಾನೆ. ಪಕ್ಕದ ಕೋಣೆ ಹೆಂಡತಿಯದು. ಆಕೆ ಗಣಿತ ಕಲಿಸಿ ನಿವೃತ್ತಳಾದವಳು. ಗಂಡನೂ ಅವಳನ್ನು ಟೀಚರ್ ಎಂದೇ ಕರೆಯುತ್ತಿದ್ದ. ಆ ಕೋಣೆಗೆ ಅವನು ಕಾಲಿಟ್ಟು ಹತ್ತೊಂಬತ್ತು ವರ್ಷಗಳಾಗಿದ್ದವು. ಕಾರಣ ಇಷ್ಟೇ. ಆಕೆ ಹನ್ನೊಂದು ವರ್ಷ ಬರೆದಿಟ್ಟ ಲೆಕ್ಕಗಳ ಹಾಳೆಗಳನ್ನು ಅವನು ಪ್ರೀತಿಯಿಂದ ಒಂದು ಪುಸ್ತಕ ಮಾಡಿ ಕೊಟ್ಟಿದ್ದ. ಚೆನ್ನಾಗಿ ಕಾಣಲೆಂದು ಮೂರೂ ಬದಿ ಎರಡೆರಡು ಬೆರಳು ಅಂಚು ಕತ್ತರಿಸಿದ್ದ. ಲೆಕ್ಕ ಬಿಡಿಸಲು ಆಕೆ ಕಂಡುಕೊಂಡು ಗೀಚಿಟ್ಟ ಹತ್ತಿರದ ದಾರಿಗಳೆಲ್ಲ ಇದ್ದದ್ದು ಆ ಅಂಚಿನಲ್ಲೇ. ಅವು ರದ್ದಿ ಚೀಲಕ್ಕೆ ಹೋದವು. “ಎಷ್ಟು ನೇರ ಬಂದಿದೆ ನೋಡು” ಎಂದು ಅವನು ಹೇಳಿದ್ದನ್ನು ಟೀಚರ್ ಮರೆಯಲಿಲ್ಲ. ಊಟ ಹಾಕುತ್ತಿದ್ದಳು, ಮಾತಾಡುತ್ತಿದ್ದಳು, ಕೋಣೆಯ ಬಾಗಿಲು ಮಾತ್ರ ಮುಚ್ಚಿರುತ್ತಿತ್ತು.

ಮನೆಯಲ್ಲಿ ಮೂರನೆಯವನು ಸಾಹೇಬ ಎಂಬ ಬಿಳಿ ಮೊಲ. ಅಂಟಣ್ಣ ಕಟ್ಟಿಕೊಟ್ಟ ಎರಡಂತಸ್ತಿನ ಗೂಡಿನಲ್ಲಿ ವಾಸ. ಅದು ಒಂದು ದಿನ ತನ್ನ ಎದೆಯ ಕೂದಲನ್ನು ತಾನೇ ಕಿತ್ತುಕೊಳ್ಳಲು ಶುರುಮಾಡಿತು.

ಪಶುವೈದ್ಯೆ ನೋಡಿ, “ಒಂಟಿತನ. ಜೊತೆ ಬೇಕು,” ಎಂದಳು. ಯಾರೋ ಬಿಟ್ಟುಹೋಗಿದ್ದ ಬೂದುಬಣ್ಣದ ಹೆಣ್ಣುಮೊಲವೊಂದು ಅವಳಲ್ಲೇ ಇತ್ತು. ಎರಡಕ್ಕೂ ಮರಿಯಾಗದಂತೆ ಶಸ್ತ್ರಚಿಕಿತ್ಸೆಯೂ ಆಗಿತ್ತು. “ಮೊದಲು ಎರಡು ಗೂಡು ಪಕ್ಕಪಕ್ಕ, ಮಧ್ಯೆ ಒಂದು ಗೇಣು. ದಿನಾ ಇದರ ಬಟ್ಟೆ ಅದಕ್ಕೆ, ಅದರದ್ದು ಇದಕ್ಕೆ ಹಾಸಿ. ಆಮೇಲೆ ಎರಡಕ್ಕೂ ಹೊಸದಾದ ಜಾಗದಲ್ಲಿ ಭೇಟಿ. ಒಂದು ತಿಂಗಳಾದ್ರೂ ಬೇಕು.”

“ತಿಂಗಳಾ? ನನ್ನ ಗೋಂದು ರಾತ್ರಿ ಬೆಳಗಾಗೋದ್ರೊಳಗೆ ಹಿಡಿಯುತ್ತಮ್ಮ.”

“ಇವು ರಟ್ಟಲ್ಲ, ಅಂಟಣ್ಣ.”

ಅಂಟಣ್ಣ ತಲೆಯಾಡಿಸಿದ. ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟಾಗ ಅವನು ಯಾವಾಗಲೂ ಹಾಗೇ ತಲೆಯಾಡಿಸುತ್ತಿದ್ದ.

ಹೊಸ ಮೊಲಕ್ಕೆ ಬೂದಿ ಎಂದು ಹೆಸರಾಯಿತು. ಬಂದ ದಿನವೇ ಅದು ಕೆಲಸ ಮಾಡುತ್ತಿದ್ದ ಅಂಟಣ್ಣನ ಪಾದದ ಮೇಲೆ ಮಲಗಿ ನಿದ್ದೆಹೋಯಿತು. ತನ್ನಿಚ್ಛೆಯಿಂದ ಯಾರಾದರೂ ಅವನಿಗೆ ಅಷ್ಟು ಹತ್ತಿರ ಬಂದು ಬಹಳ ಕಾಲವಾಗಿತ್ತು. ಅವನು ಅರ್ಧ ಗಂಟೆ ಕಾಲು ಅಲ್ಲಾಡಿಸಲಿಲ್ಲ.

ಮೂರನೆಯ ದಿನಕ್ಕೇ ತಾಳ್ಮೆ ಮುಗಿಯಿತು. ಒಂದು ರಟ್ಟಿನ ಪೆಟ್ಟಿಗೆಗೆ ಗಾಳಿಯಾಡಲು ನಾಲ್ಕು ತೂತು ಕೊರೆದ; ಅಷ್ಟರ ಮಟ್ಟಿಗೆ ಕರುಣಾಳು. ಎರಡನ್ನೂ ಒಳಗೆ ಒತ್ತರಿಸಿ, ಮುಚ್ಚಳ ಹಾಕಿ, ಮೇಲೆ ದಪ್ಪದೊಂದು ನಿಘಂಟನ್ನು ಭಾರಕ್ಕಿಟ್ಟ. ಅವನು ಚಹಾ ಲೋಟ ಬಾಯಿಗಿಡುವಷ್ಟರಲ್ಲಿ ನಿಘಂಟು ನೆಲಕ್ಕೆ ಬಿತ್ತು, ಪೆಟ್ಟಿಗೆ ಮೇಜಿನ ಮೇಲೆ ಕುಣಿಯತೊಡಗಿತು. ಬಿಡಿಸಿದಾಗ ಬೂದಿಯ ಕಿವಿ ಹರಿದಿತ್ತು. ಅಂಟಣ್ಣನ ಹೆಬ್ಬೆರಳೂ.

ವೈದ್ಯೆ ತನ್ನ ಚಿಕಿತ್ಸಾಲಯದಲ್ಲಿ ಬೂದಿಯ ಕಿವಿಗೆ ಮೂರು ಹೊಲಿಗೆ ಹಾಕಿದಳು. “ಬೂದಿ ಇಲ್ಲೇ ಇರಲಿ, ಬೇರೆ ಮನೆ ನೋಡ್ತೀನಿ.”

“ಇನ್ನೊಂದು ಸಲ ಕೊಡಮ್ಮ,” ಎಂದ ಅಂಟಣ್ಣ. ಜೀವನದಲ್ಲಿ ಅವನು ಏನನ್ನಾದರೂ ಬೇಡಿದ್ದು ಅದೇ ಮೊದಲಿರಬೇಕು.

“ಗಾಯ ಮಾಗಿದ ಮೇಲೆ ನಾನು ಹೇಳಿದ ಹಾಗೇ ಮಾಡಬೇಕು. ತಿಂಗಳಾದ ಮೇಲೆ ಬರ್ತೀನಿ. ಎರಡೂ ಒಟ್ಟಿಗೆ ಕೂತು ತಿನ್ನದಿದ್ರೆ ಕರಕೊಂಡು ಹೋಗಿಬಿಡ್ತೀನಿ. ನಿಮ್ಮನೇಲಿ ಸಾಹೇಬ ಕಾಲಿಡದ ಜಾಗ ಯಾವುದಿದೆ?”

“ಅಡುಗೆಮನೆ, ಬಚ್ಚಲು, ಎಲ್ಲಾ ಕಡೆ ಅವನದೇ ದರ್ಬಾರು.” ಅಂಟಣ್ಣ ಕೆಮ್ಮಿದ. “ಒಂದು ಕೋಣೆ ಇದೆ. ಅಲ್ಲಿಗೆ ಅವನೂ ಹೋಗಿಲ್ಲ, ನಾನೂ ಹೋಗಿಲ್ಲ.”

ಮೂರು ವಾರ ಗೂಡುಗಳು ಒಂದು ಗೇಣು ದೂರದಲ್ಲಿ ಕೂತವು, ಬಟ್ಟೆಗಳು ಅದಲುಬದಲಾದವು. ಆ ಮೂರು ವಾರವೂ ಅಂಟಣ್ಣ ಟೀಚರ್ ಹತ್ತಿರ ಬಾಯಿ ಬಿಡಲು ಧೈರ್ಯ ಕೂಡಿಸುತ್ತಿದ್ದ.

“ದಿನಾ ಮಧ್ಯಾಹ್ನ ಅರ್ಧ ಗಂಟೆ,” ಎಂದಳು ಟೀಚರ್, ಎಲ್ಲ ಕೇಳಿ. “ಮೊಲಗಳಿಗೆ ಅಡ್ಡಿಯಿಲ್ಲ. ನೀವು ನೆಲದ ಮೇಲೆ ಕೂರಬೇಕು. ಏನನ್ನೂ ಒತ್ತಬಾರದು.”

ಟೀಚರ್ ಕುರ್ಚಿಯಲ್ಲಿ ಪರೀಕ್ಷೆಯ ಮೇಲ್ವಿಚಾರಕಿಯಂತೆ ಕೂತಳು. ಮೊದಲ ದಿನ ಮೊಲಗಳು ಎರಡು ಮೂಲೆ ಹಿಡಿದು ಪರಸ್ಪರ ಬೆನ್ನು ತೋರಿಸಿದವು. ಈ ಭಂಗಿ ದಂಪತಿಗಳಿಬ್ಬರಿಗೂ ಪರಿಚಿತವೇ. ನಾಲ್ಕನೆಯ ದಿನವೂ ಅದೇ. ಅಂಟಣ್ಣನ ಕಾಲು ಜೋಮು ಹಿಡಿಯಿತು; ಅವನು ಕೂತೇ ಇದ್ದ.

ವೈದ್ಯೆ ಬರುವ ದಿನ ಸಾಹೇಬ ಕಪಾಟಿನ ಕೆಳಗಿನ ಅರೆಯಿಂದ ಏನನ್ನೋ ಎಳೆದ. ಯಾರ ಕಣ್ಣಿಗೂ ಬೀಳದಿರಲೆಂದು ಟೀಚರ್ ಹತ್ತೊಂಬತ್ತು ವರ್ಷ ಅಲ್ಲಿಟ್ಟಿದ್ದ ಅದೇ ಲೆಕ್ಕದ ಪುಸ್ತಕ. ಸಾಹೇಬ ಅಂಚು ಮೆಲ್ಲತೊಡಗಿದ. ಬೂದಿ ಮೂಗು ಅಲ್ಲಾಡಿಸುತ್ತ ಬಂದು, ಅವನ ಪಕ್ಕೆಗೆ ಪಕ್ಕೆ ತಾಗಿಸಿ ಕೂತು, ಇನ್ನೊಂದು ಮೂಲೆಯಿಂದ ಶುರುಮಾಡಿತು.

ಅಂಟಣ್ಣ ಲೆಕ್ಕ ಹಾಕಿದ. ಪುಸ್ತಕ ಕಸಿದರೆ ಎರಡೂ ಬೆದರಿ ಕಚ್ಚಾಡಬಹುದು, ಬೂದಿ ಹೋದಂತೆಯೇ. ಕಸಿಯದಿದ್ದರೆ ಅದೇ ಅಪರಾಧ ಎರಡನೆಯ ಸಲ. ಅವನು ಬೂದಿಯನ್ನೊಮ್ಮೆ ನೋಡಿ, ಪುಸ್ತಕಕ್ಕೇ ಕೈ ಚಾಚಿದ.

“ಕೈ ತೆಗೀರಿ,” ಎಂದಳು ಟೀಚರ್.

“ನಿನ್ನ ಲೆಕ್ಕ ಕಣೇ! ಎಷ್ಟು ತಿಂದಾವೋ ಏನೋ!”

“ಎಷ್ಟು ತಿಂದರೂ ನೀವು ಕತ್ತರಿಸಿದ್ದಕ್ಕಿಂತ ಕಡಿಮೆಯೇ. ಸುಮ್ಮನೆ ಕೂತ್ಕೊಳ್ಳಿ.”

ವೈದ್ಯೆ ಬಂದವಳು ಬಾಗಿಲಲ್ಲೇ ನಿಂತು ನೋಡಿದಳು. “ಸರಿ, ಬೂದಿ ಇಲ್ಲೇ ಇರಲಿ. ಏನು ತಿಂತಿವೆ ಅವು?”

“ಬೀಜಗಣಿತ,” ಎಂದಳು ಟೀಚರ್.

“ಗೋಂದು ಹೊಟ್ಟೆಗಾಗಲ್ಲ, ತೆಗೀರಿ,” ಎಂದು ವೈದ್ಯೆ ಗದರಿ, ಸೊಪ್ಪು ಹಾಕಿ, ಪುಸ್ತಕವನ್ನು ತಾನೇ ಎತ್ತಿಟ್ಟು ಹೋದಳು. ಸೊಪ್ಪನ್ನೂ ಅವು ಜೊತೆಗೇ ತಿಂದವು.

ಮರುದಿನ ಅಂಟಣ್ಣ ಹೊಸ ರಟ್ಟು ಹಿಡಿದು ಆ ಬಾಗಿಲಲ್ಲಿ ನಿಂತ. “ಹೊದಿಕೆ ಮಾತ್ರ ಬದಲಾಯಿಸ್ತೀನಿ. ಅಂಚು ಮುಟ್ಟಲ್ಲ.”

ಟೀಚರ್ ಪುಸ್ತಕ ಕೊಡಲಿಲ್ಲ. ಬಾಗಿಲನ್ನೂ ಹಾಕಲಿಲ್ಲ.