ಕೊನೆಯ ಸಾಲಿನ ಉಪವಾಸ

ನಮ್ಮ ಗಾಡಿಯನ್ನು ಮಾರಿಬಿಡಿ ಎಂದು ಬುದ್ಧಿ ಹೇಳದವರು ನಮ್ಮ ಕಾಲೋನಿಯಲ್ಲಿ ಯಾರೂ ಉಳಿದಿಲ್ಲ. ಏಳು ಸೀಟಿನ ಡೀಸೆಲ್ ಗಾಡಿ, ಕೊಂಡು ಹದಿಮೂರು ವರ್ಷವಾಯಿತು. ಅದರಲ್ಲಿ ಈಗ ಕೂಡುವುದು ಮೂರೇ ಮಂದಿ. ಮೂರು ಮಂದಿಗೆ ಇಷ್ಟು ದೊಡ್ಡ ಗಾಡಿ ಯಾಕೆ, ಆನೆ ಸಾಕಿದ ಹಾಗೆ ಎಂದು ಎದುರು ಮನೆಯವರು ನಗುತ್ತಾರೆ. ನಗಲಿ. ಅವರ ಮಗಳ ಮದುವೆಗೆ ಬೇಗಂ ಬಜಾರಿನಿಂದ ಸ್ಟೀಲಿನ ಬಾಂಡೆಗಳು, ಕಿರಾಣಿ ಚೀಲಗಳು ಎಲ್ಲಾ ಬಂದದ್ದು ಇದೇ ಆನೆಯ ಬೆನ್ನ ಮೇಲೆ. ಆಗ ಯಾರಿಗೂ ನಗು ಬಂದಿರಲಿಲ್ಲ.

ಕೊಂಡಾಗ ಮನೆ ತುಂಬಿತ್ತು. ಅತ್ತೆ, ಮಾವ, ನಾವಿಬ್ಬರು, ಮಗ, ಮಗಳು ಮತ್ತು ನನ್ನ ಗಂಡನ ಅಕ್ಕ, ಸರಿಯಾಗಿ ಏಳು. ನಾನು ಅವರನ್ನು ಅಕ್ಕಾರು ಎಂದೇ ಕರೆಯುವುದು. ಗಂಡನನ್ನು ಸಣ್ಣ ವಯಸ್ಸಿನಲ್ಲೇ ಕಳೆದುಕೊಂಡು ಕಲಬುರಗಿಯಿಂದ ತಮ್ಮನ ಮನೆಗೆ ಬಂದವರು. ನಾನು ಬೆಳಿಗ್ಗೆ ಬ್ಯಾಂಕಿಗೆ ಹೋದರೆ ಸಂಜೆಯವರೆಗೆ ನನ್ನ ಇಬ್ಬರು ಮಕ್ಕಳನ್ನು ಸಾಕಿದವರು ಅವರು. ಮಾತು ಕಲಿಯುವಾಗ ಮಗ ಮೊದಲು ಅವರನ್ನು 'ಅತ್ಯಾ' ಎಂದ, ಆಮೇಲೆ ನನ್ನನ್ನು 'ಅವ್ವ' ಎಂದ. ಆ ಹೊಟ್ಟೆಕಿಚ್ಚನ್ನು ನುಂಗಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು, ಸುಳ್ಳು ಯಾಕೆ ಹೇಳಲಿ.

ಗಾಡಿ ನಡೆಸುವುದು ನಾನೇ. ನನ್ನ ಗಂಡ ಕೇಂದ್ರ ಸರಕಾರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಯಂತ್ರಗಳ ಜೊತೆ ಗುದ್ದಾಡಿದ ಮನುಷ್ಯ, ಆದರೆ ಹೈದರಾಬಾದಿನ ರಸ್ತೆಗಿಳಿದರೆ ಕೈಕಾಲು ಆಡುವುದಿಲ್ಲ. ಎದುರಿಗೆ ಒಂದು ಆಟೋ ಬಂದರೂ ಪಕ್ಕಕ್ಕೆ ನಿಲ್ಲಿಸಿ ದಾರಿ ಬಿಡುವ ಸಜ್ಜನ. ಹಾಗಾಗಿ ಸ್ಟೀರಿಂಗು ನನ್ನ ಪಾಲಿಗೆ ಬಂತು, ಬೈಗುಳವೂ ನನ್ನ ಬಾಯಿಗೆ ಬಂತು.

ಗಾಡಿಗೆ ಪೂಜೆ ಮಾಡಿಸಿ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟ ದಿನವೇ ಯಾರು ಎಲ್ಲಿ ಕೂಡಬೇಕು ಎಂಬುದು ನಿರ್ಧಾರವಾಯಿತು. ಮಾವ ಮುಂದೆ, ನನ್ನ ಪಕ್ಕದಲ್ಲಿ. ನಡುವೆ ಎರಡು ಬಿಡಿ ಸೀಟು, ಅವಕ್ಕೆ ಕೈಯೂರಲು ಮೆತ್ತನೆಯ ಹಿಡಿಕೆ ಬೇರೆ. ಅಲ್ಲಿ ಅತ್ತೆ ಮತ್ತು ನನ್ನ ಗಂಡ. ಕೊನೆಯ ಸಾಲಿನಲ್ಲಿ ಮಕ್ಕಳು. ಅಕ್ಕಾರು ಎಲ್ಲಿ ಎಂದು ಯಾರಾದರೂ ಕೇಳುವ ಮೊದಲೇ ಅವರು ನಡುವಿನ ಸಂದಿಯಲ್ಲಿ ಬಗ್ಗಿ ಹೋಗಿ ಮಕ್ಕಳ ನಡುವೆ ಕುಳಿತಾಗಿತ್ತು. ತಮಗೆ ಹಿಂದೆಯೇ ಆರಾಮ ಎಂದರು. ಒಳ್ಳೆಯ ಕೆಲಸಕ್ಕೆ ಹೊರಟಾಗ ವಿಧವೆ ಮುಂದೆ ಕೂಡಬಾರದು ಎಂದು ನಮ್ಮ ಮನೆಯಲ್ಲಿ ಯಾರೂ ಅವರಿಗೆ ಹೇಳಿದವರಲ್ಲ. ಹೇಳುವ ಪ್ರಸಂಗ ಬರದ ಹಾಗೆ ಅವರೇ ನೋಡಿಕೊಂಡರು. ಬೇಡ, ಇತ್ತ ಬನ್ನಿ ಎಂದು ನಾವೂ ಕರೆಯಲಿಲ್ಲ.

ಆ ಕೊನೆಯ ಸಾಲಿನಲ್ಲಿ ನೀವು ಕುಳಿತಿದ್ದರೆ ಗೊತ್ತಿರುತ್ತದೆ. ಸೀಟು ಸರಿಯಾಗಿ ಗಾಲಿಯ ಮೇಲೆ. ರಸ್ತೆಯ ಒಂದೊಂದು ಹಂಪೂ ಬೆನ್ನಿಗೆ ಲೆಕ್ಕ ಒಪ್ಪಿಸುತ್ತದೆ. ಕಿಟಕಿಯ ಗಾಜು ತೆರೆಯುವುದಿಲ್ಲ. ಏಸಿಯ ಗಾಳಿ ಅಲ್ಲಿಗೆ ಮುಟ್ಟುವ ಹೊತ್ತಿಗೆ ಸುಸ್ತಾಗಿರುತ್ತದೆ. ಮಗಳು ಮದುವೆಯಾಗಿ ಪುಣೆಗೆ ಹೋದಳು, ಅತ್ತೆ ಮಾವ ಒಬ್ಬರ ಹಿಂದೊಬ್ಬರು ತೀರಿಕೊಂಡರು, ಮಗ ತನ್ನದೇ ಬೈಕು ಕೊಂಡ. ಗಾಡಿಯಲ್ಲಿ ಮೂರೇ ಜನ ಇದ್ದಾಗಲೂ, ನಡುವಿನ ಎರಡು ಸೀಟು ಖಾಲಿ ಬಿದ್ದಿರುವಾಗಲೂ, ಅಕ್ಕಾರು ಮೊಣಕಾಲು ಹಿಡಿದುಕೊಂಡು ಬಗ್ಗಿ ಹಿಂದಕ್ಕೇ ಹೋಗುತ್ತಿದ್ದರು. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ರೂಢಿ ಎಂದುಕೊಂಡು ಗಾಡಿ ಹೊರಡಿಸುತ್ತಿದ್ದೆ. ಕಣ್ಣಿದ್ದೂ ಕುರುಡು ಎನ್ನುತ್ತಾರಲ್ಲ, ಅದು ನಾನೇ.

ಇನ್ನು ಅವರ ಉಪವಾಸದ ವಿಷಯ. ನಾವು ಎಲ್ಲಿಗೆ ಹೊರಟರೂ ಆ ದಿನ ಅಕ್ಕಾರಿಗೆ ಒಂದು ಉಪವಾಸ ಇದ್ದೇ ಇರುತ್ತಿತ್ತು. ಒಮ್ಮೆ ಏಕಾದಶಿ, ಒಮ್ಮೆ ಗುರುವಾರ, ಒಮ್ಮೆ ಸಂಕಷ್ಟಿ, ಒಮ್ಮೆ ಏನೋ ಹರಕೆ. ಕಲಬುರಗಿಯ ಮದುವೆಗಳಿಗೆ ಹೋಗುವಾಗ ಬೆಳಗಿನ ಜಾವ ಎದ್ದು ರೊಟ್ಟಿ ಬಡಿದು, ಬದನೆಕಾಯಿ ಎಣ್ಣೆಗಾಯಿ ಮಾಡಿ, ಶೇಂಗಾ ಚಟ್ನಿ ಕಟ್ಟಿ ತರುವವರು ಅವರೇ. ಜಹೀರಾಬಾದ್ ದಾಟಿ ಮರದ ನೆರಳಿಗೆ ಗಾಡಿ ನಿಲ್ಲಿಸಿ ನಾವೆಲ್ಲ ಬೆರಳು ನೆಕ್ಕಿಕೊಂಡು ತಿನ್ನುವಾಗ ಅವರು ಮಾತ್ರ ದೂರ ನಿಂತು ನೀರು ಮುಕ್ಕಳಿಸುತ್ತಿದ್ದರು. ಗಾಡಿ ಓಡುವಾಗ ಕಣ್ಣು ಮುಚ್ಚಿ ತುಟಿ ಬಿಗಿಹಿಡಿದು ಕೂಡುತ್ತಿದ್ದರು. ನನ್ನ ಗಂಡ ಹಿಂದೆ ತಿರುಗಿ ನೋಡಿ, ಅಕ್ಕ ಜಪ ಮಾಡುತ್ತಿದ್ದಾಳೆ, ರೇಡಿಯೋ ಸಣ್ಣ ಮಾಡು ಎನ್ನುತ್ತಿದ್ದರು.

ಬಳಗದಲ್ಲೆಲ್ಲ ಅಕ್ಕಾರ ನಿಷ್ಠೆ ಹೆಸರುವಾಸಿಯಾಯಿತು. ಯಾರ ಮನೆಗೆ ಹೋದರೂ ಅವರಿಗೆ ಬೇರೆ ತಾಟು, ಬಾಳೆಹಣ್ಣು, ಹಾಲು. ನನ್ನನ್ನು ನೋಡಿ ಹೆಂಗಸರು, ನಿಮ್ಮ ನಾದಿನಿ ಅಂದರೆ ತಪಸ್ವಿ ನೋಡ್ರಿ ಎನ್ನುವರು. ನನಗೆ ಮೈ ಉರಿಯುತ್ತಿತ್ತು. ಹಸಿವೆ ಎಂದರೆ ತಡೆಯದ ಹೆಂಗಸು ನಾನು. ಏಕಾದಶಿ ದಿನ ಮಧ್ಯಾಹ್ನಕ್ಕೇ ನನ್ನ ಭಕ್ತಿ ಮುಗಿದಿರುತ್ತದೆ. ನಾನು ಊಟಕ್ಕೆ ಕುಳಿತಾಗಲೇ ಇವರು ಉಪವಾಸ ಕೂಡಬೇಕೆ, ನನ್ನನ್ನು ಸಣ್ಣವಳನ್ನಾಗಿ ಮಾಡಲಿಕ್ಕೇ ಇದು ಎಂದು ಅಂದುಕೊಂಡಿದ್ದೆ. ಒಮ್ಮೆ ಬಾಯಿ ಬಿಟ್ಟು, ಅಕ್ಕಾರ, ಎಲ್ಲರ ಪಾಲಿನ ಪುಣ್ಯ ನೀವೊಬ್ಬರೇ ಬಾಚಿಕೊಳ್ಳುತ್ತೀರಿ ಎಂದು ಹಂಗಿಸಿದೆ. ಅವರು ನಕ್ಕು ಇನ್ನೊಂದು ರೊಟ್ಟಿ ನನ್ನ ತಾಟಿಗೆ ಹಾಕಿದರು.

ಕಳೆದ ವರ್ಷ ಮಗನ ನಿಶ್ಚಿತಾರ್ಥ ಆಯಿತು. ಹುಡುಗಿಯ ಕಡೆಯವರು ಬೀದರಿನ ಮೂಲದವರು, ಮನೆ ಮಣಿಕೊಂಡದಲ್ಲಿ. ನಾವಿರುವುದು ಊರಿನ ಈ ಕೊನೆಗೆ, ಕಾರ್ಖಾನೆಯ ಹತ್ತಿರ; ಅಲ್ಲಿಗೆ ಮುಟ್ಟಲು ಇಡೀ ಹೈದರಾಬಾದನ್ನು ದಾಟಬೇಕು. ಮಗ ಗೆಳೆಯರ ಜೊತೆ ಮುಂಚೆಯೇ ಹೋದ. ನಮ್ಮ ಗಾಡಿಯ ನಡುವಿನ ಎರಡು ಸೀಟಿನ ಮೇಲೆ ಸೀರೆಯ ತಾಟು, ಹಣ್ಣಿನ ತಾಟು, ಕೊಬ್ಬರಿ, ಕುಬಸದ ಖಣ. ತಾಟು ಅಲುಗಾಡಬಾರದೆಂದು ನಾನೇ ಬೆಲ್ಟು ಹಾಕಿ ಬಿಗಿದೆ. ಅವುಗಳ ಹಿಂದೆ, ಕೊನೆಯ ಸಾಲಿನಲ್ಲಿ, ಅಕ್ಕಾರು.

ಹಿಂದಿನ ತಿಂಗಳಷ್ಟೇ ಅವರಿಗೆ ಸಕ್ಕರೆ ಕಾಯಿಲೆ ಎಂದು ತಿಳಿದಿತ್ತು, ಮಾತ್ರೆ ಶುರುವಾಗಿತ್ತು. ಬೆಳಿಗ್ಗೆ ತಿಂಡಿ ತಿಂದಿರಾ ಎಂದು ಕೇಳಿದ್ದಕ್ಕೆ ಇವತ್ತು ಉಪವಾಸ ಎಂದರು. ಸೀರೆಯ ನಿರಿಗೆ ಹಿಡಿಯುವ ಗಡಿಬಿಡಿಯಲ್ಲಿ ನಾನು ಹೂಂ ಎಂದೆ. ಮಾತ್ರೆ ನುಂಗಿದರೋ ಎಂದು ಕೇಳಲಿಲ್ಲ.

ಬೇಗಂಪೇಟೆಯ ಹತ್ತಿರ ಟ್ರಾಫಿಕ್ಕು ಕಟ್ಟಿಕೊಂಡಿತು. ಒಂದು ಹೆಜ್ಜೆ ಮುಂದೆ, ಒಂದು ಬ್ರೇಕು. ಕನ್ನಡಿಯಲ್ಲಿ ನೋಡಿದರೆ ಅಕ್ಕಾರ ತಲೆ ಗಾಜಿಗೆ ಒರಗಿದೆ, ಹಣೆಯ ಮೇಲೆ ಬೆವರು ಸುರಿಯುತ್ತಿದೆ. ಎರಡು ಸಲ ಕೂಗಿದೆ. ಜಪದಲ್ಲಿದ್ದಾಳೆ ಎಂದರು ನನ್ನ ಗಂಡ. ಬಾಯಿ ಮುಚ್ಚಿಕೊಂಡು ಹಿಂದೆ ಹೋಗಿ ನೋಡ್ರಿ ಎಂದೆ. ಅವರು ಹೋಗಿ ಮುಟ್ಟಿದರೆ ಕೈ ತಣ್ಣಗಾಗಿತ್ತು. ನಾನು ಎಷ್ಟು ಜನರಿಂದ ಶಾಪ ಹಾಕಿಸಿಕೊಂಡು ಎಡಕ್ಕೆ ನುಗ್ಗಿದೆನೋ ದೇವರಿಗೇ ಗೊತ್ತು, ಸಿಕ್ಕ ಮೊದಲ ನರ್ಸಿಂಗ್ ಹೋಮಿನ ಮುಂದೆ ಗಾಡಿ ನಿಲ್ಲಿಸಿದೆ.

ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿ ಸಕ್ಕರೆ ಇಳಿದುಬಿಟ್ಟಿತ್ತು. ಗ್ಲೂಕೋಸ್ ಹಚ್ಚಿದ ಮೇಲೆ ಅಕ್ಕಾರು ಕಣ್ಣು ಬಿಟ್ಟರು. ಡಾಕ್ಟರು ಸಣ್ಣ ವಯಸ್ಸಿನ ಹುಡುಗಿ, ಮುಂಜಾನೆ ಏನು ತಿಂದರು ಎಂದು ತೆಲುಗಿನಲ್ಲಿ ಕೇಳಿದಳು. ನನ್ನ ಗಂಡ ಆ ಹೊತ್ತಿನಲ್ಲೂ ತುಸು ಹೆಮ್ಮೆಯಿಂದಲೇ, ನಮ್ಮ ಅಕ್ಕ ಬಹಳ ನಿಷ್ಠೆಯವಳು, ಇವತ್ತು ಏಕಾದಶಿ ಎಂದರು. ಆದರೆ ಆ ದಿನ ಪಂಚಮಿ, ಬುಧವಾರ. ಪುರೋಹಿತರ ಜೊತೆ ಕೂತು ಪಂಚಾಂಗವನ್ನು ಏಳು ಸಲ ತಿರುವಿ ಮುಹೂರ್ತ ಇಡಿಸಿದವಳು ನಾನು. ಅಕ್ಕಾರ ಮುಖ ನೋಡಿದೆ. ಅವರು ಗೋಡೆಯ ಕಡೆ ತಿರುಗಿದರು.

ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ, ತೋರಿಸಿ ಎಂದಳು ಡಾಕ್ಟರು. ಅಕ್ಕಾರ ಕೈಚೀಲ ಬಿಚ್ಚಿದೆ. ಮಾತ್ರೆಯ ಹಾಳೆ ಇತ್ತು. ಅದರ ಕೆಳಗೆ ಅಂಗಡಿಗಳ ಪ್ಲಾಸ್ಟಿಕ್ ಚೀಲಗಳು, ಒಂದೊಂದನ್ನೂ ಇಸ್ತ್ರಿ ಮಾಡಿದಂತೆ ನಾಲ್ಕು ಮಡಿಕೆ ಮಾಡಿ ಇಟ್ಟದ್ದು. ಒಣ ಶುಂಠಿಯ ತುಂಡು. ಉಗುರಿನಿಂದ ಸುತ್ತಲೂ ಗೀರಿದ ಒಂದು ನಿಂಬೆಹಣ್ಣು. ಗಾಡಿಯಲ್ಲಿ ವಾಂತಿ ಬರುವವರ ಚೀಲದಲ್ಲಿ ಏನಿರುತ್ತದೆ ಎಂದು ಯಾರಿಗೆ ಗೊತ್ತಿಲ್ಲ?

ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಹನ್ನೆರಡು ವರ್ಷದ ಪ್ರಯಾಣಗಳೆಲ್ಲ ಕಣ್ಣ ಮುಂದೆ ಬಂದವು. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಹೊರಗೆ ಬರುವುದಕ್ಕೂ ಏನೂ ಇರುವುದಿಲ್ಲ, ಅಷ್ಟೇ ಅವರ ಏಕಾದಶಿ. ಊರು ಮುಟ್ಟಿದ ಮೇಲೂ ತಿರುಗಿ ಬರುವ ದಾರಿ ಬಾಕಿ ಇರುತ್ತಿತ್ತಲ್ಲ, ಅದಕ್ಕೇ ಮದುವೆಯ ಊಟವೂ ಬೇಡ. ಜಪವೂ ಅಲ್ಲ, ತಪವೂ ಅಲ್ಲ. ಆ ಹೆಂಗಸು ನನ್ನ ಹಿಂದೆ ಸಂಕಟ ನುಂಗಿಕೊಂಡು ಕುಳಿತಿದ್ದಾಗ ನಾನು ಕನ್ನಡಿಯಲ್ಲಿ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕಬೇಕು ಎನ್ನಿಸಿತು.

ಡಾಕ್ಟರು ವಾಂತಿ ತಡೆಯುವ ಮಾತ್ರೆ ಕೊಟ್ಟಳು, ಎರಡು ಇಡ್ಲಿ ತರಿಸಿ ತನ್ನ ಎದುರಿಗೇ ತಿನ್ನಿಸಿದಳು. ಇನ್ನು ಮೇಲೆ ಇವರನ್ನು ಮುಂದಿನ ಸೀಟಿನಲ್ಲೇ ಕೂಡಿಸಿ, ಎದುರಿನ ರಸ್ತೆ ನೋಡುತ್ತಿದ್ದರೆ ಸಂಕಟ ಕಡಿಮೆಯಾಗುತ್ತದೆ ಎಂದಳು. ಹನ್ನೆರಡು ವರ್ಷದ ಮದ್ದು ಇಷ್ಟೇ ಇತ್ತು.

ಹೊರಗೆ ಗಾಡಿಯ ಹತ್ತಿರ ಬಂದಾಗ ಬೀಗರ ಫೋನು ಬರುತ್ತಲೇ ಇತ್ತು, ಮುಹೂರ್ತಕ್ಕೆ ಇನ್ನೊಂದು ತಾಸು. ನನ್ನ ಗಂಡ ಕೆಟ್ಟವರಲ್ಲ. ಅಕ್ಕನ ಮುಖದ ಸುಸ್ತು ನೋಡಿ ಕರಗಿ ಹೋಗಿದ್ದರು. "ಅಕ್ಕಾ, ನೀ ಮನಿಗೆ ಹೋಗಿ ಮಲಕೋ. ಟ್ಯಾಕ್ಸಿ ಕರೀತೀನಿ. ನಾವು ಲಗೂನ ಮುಗಿಸಿ ಬರತೀವಿ," ಎಂದರು.

ಅಕ್ಕಾರು ತಮ್ಮನ ಮುಖ ನೋಡಿದರು. ಸಿಟ್ಟಿರಲಿಲ್ಲ ಆ ನೋಟದಲ್ಲಿ.

"ಇದಕ್ಕ ನೋಡಪಾ ನಾ ಹೇಳಿರಲಿಲ್ಲ," ಎಂದರು. "ಹೊಟ್ಯಾಗ ತೊಳಸತೈತಿ ಅಂತ ಮದಲನೇ ದಿನಾನ ಹೇಳಿದ್ರ ಇಷ್ಟು ವರ್ಷಾನೂ ನನ್ನ ಮನ್ಯಾಗ ಬಿಟ್ಟು ಹೊಕ್ಕಿದ್ರಿ."

ಹೌದು, ಬಿಟ್ಟೇ ಹೋಗುತ್ತಿದ್ದೆವು. ಮನೆ ನೋಡಿಕೊಳ್ಳಲು ಒಬ್ಬರು ಇದ್ದಂತಾಯಿತು ಎಂದು ಅತ್ತೆ ಅನ್ನುತ್ತಿದ್ದರು, ಗಾಡಿ ಹೊಲಸಾಗುವುದು ತಪ್ಪಿತು ಎಂದು ನಾನು ಅಂದುಕೊಳ್ಳುತ್ತಿದ್ದೆ. ಪ್ರೀತಿಯಿಂದಲೇ ಬಿಟ್ಟು ಹೋಗುತ್ತಿದ್ದೆವು, ಈಗ ಅವರ ತಮ್ಮ ಕರೆಯುತ್ತಿದ್ದ ಟ್ಯಾಕ್ಸಿಯಂತೆ.

ನಾನು ಹೋಗಿ ಮುಂದಿನ ಬಾಗಿಲು ತೆರೆದೆ. ತಾಟುಗಳನ್ನು ಹಿಂದಕ್ಕೆ ಸರಿಸಿರಿ, ನಡುವೆ ನೀವು ಕೂಡಿರಿ ಎಂದು ಗಂಡನಿಗೆ ಹೇಳಿದೆ. ಅಕ್ಕಾರು ಹೌಹಾರಿದರು. ಶುಭಕಾರ್ಯಕ್ಕೆ ಹೊರಟಿದ್ದೇವೆ, ಬೀಗರ ಬಾಗಿಲಲ್ಲಿ ಮೊದಲು ತಾವು ಇಳಿದರೆ ಚೆಂದ ಕಾಣುವುದಿಲ್ಲ, ನಡುವಿನ ಸೀಟೇ ಸಾಕು ಎಂದು ಹಿಂದೆ ಸರಿದರು. ಅವರ ಕೈ ಹಿಡಿದೆ.

"ಅಕ್ಕಾರ, ಆ ಹುಡುಗನ್ನ ನಾ ಹಡದೀನಿ ಅಷ್ಟ. ಬೆಳಿಸಿದಾಕಿ ನೀವು. ನೀವು ಮುಂದ ಇಳದ್ರ ಚೆಂದ ಕಾಣಲಿಲ್ಲಂದ್ರ, ಅಂಥಾ ಮನ್ಯಾಗ ನಮಗೇನ ಕೆಲಸ ಐತಿ?"

ಅವರು ಕುಳಿತರು. ಬೆಲ್ಟು ಎಲ್ಲಿ ಸಿಗಿಸಬೇಕೆಂದು ಗೊತ್ತಾಗದೆ ತಡಕಾಡಿದರು, ನಾನೇ ಹಾಕಿದೆ. ಮಣಿಕೊಂಡದವರೆಗೂ ಕಣ್ಣು ಮುಚ್ಚಲಿಲ್ಲ. ಎರಡು ಸಲ ನನಗೆ ಮೆಲ್ಲಗೆ ಹೋಗು ಎಂದರು, ಒಂದು ಸಲ ಎದುರಿನ ಬಸ್ಸಿಗೇ ಬೈದರು. ಬೀಗರ ಮನೆಯ ಮುಂದೆ ಮೊದಲು ಇಳಿದದ್ದು ಅವರೇ. ಹುಡುಗಿಯ ತಾಯಿ ತಂಬಿಗೆ ಹಿಡಿದು ನಿಂತಿದ್ದಳು, ಅಕ್ಕಾರ ಕಾಲಿಗೆ ನೀರು ಕೊಟ್ಟು, ತಡ ಆಯ್ತು ಬರ್ರಿ ಬರ್ರಿ ಎಂದು ಒಳಗೆ ಕರೆದಳು. ನಾನು ಇಡೀ ದಾರಿ ಮನಸ್ಸಿನಲ್ಲಿ ಜಗಳಕ್ಕೆ ತಯಾರಾಗಿದ್ದೆ. ಜಗಳವೇ ಆಗಲಿಲ್ಲ.

ಉಂಗುರ ತೊಡಿಸಿದ್ದಾಯಿತು, ಉಡಿ ತುಂಬಿದ್ದಾಯಿತು. ಊಟಕ್ಕೆ ಎಲೆ ಹಾಕಿದರು. ಆಗ ಹುಡುಗಿಯ ತಾಯಿ ಒಳಗಿನಿಂದ ಒಂದು ಬೆಳ್ಳಿಯ ತಾಟು ತಂದಳು. ಸಾಬೂದಾಣಿ ಖಿಚಡಿ, ಬಾಳೆಹಣ್ಣು, ಒಂದು ಲೋಟ ಹಾಲು. ಅಕ್ಕಾರ ನಿಷ್ಠೆಯ ಬಗ್ಗೆ ನನ್ನ ಗಂಡ ಫೋನಿನಲ್ಲಿ ಮೊದಲೇ ಹೇಳಿದ್ದರಂತೆ, ಮಡಿಯಿಂದ ಬೇರೆಯೇ ಮಾಡಿಸಿದ್ದಳು. ಸುತ್ತಲಿದ್ದ ಹೆಂಗಸರೆಲ್ಲ ಅಕ್ಕಾರನ್ನು ದೇವರನ್ನು ನೋಡುವ ಹಾಗೆ ನೋಡುತ್ತಿದ್ದರು. ಬಳಗದಲ್ಲಿ ಆ ಹೆಂಗಸಿಗೆ ಇದ್ದದ್ದು ಆ ಒಂದೇ ಮರ್ಯಾದೆ, ಹನ್ನೆರಡು ವರ್ಷ ಹೊಟ್ಟೆ ಕಟ್ಟಿ ಗಳಿಸಿದ್ದು. ಅದನ್ನು ಇಟ್ಟುಕೊಳ್ಳುತ್ತಾರೋ ಬಿಡುತ್ತಾರೋ, ನಾನು ನಡುವೆ ಬಾಯಿ ಹಾಕುವ ಮಾತಾಗಿರಲಿಲ್ಲ. ನನ್ನ ಎಲೆಯ ಮುಂದೆ ಹೋಗಿ ಕುಳಿತೆ.

ಅಕ್ಕಾರು ತಾಟು ನೋಡಿದರು. ಸಾಲಿನಲ್ಲಿ ಬಿಸಿ ಅನ್ನದ ಮೇಲೆ ತೊವ್ವೆ ಬಡಿಸಿಕೊಂಡು ಹೋಗುತ್ತಿದ್ದರು, ಅದನ್ನೂ ನೋಡಿದರು. ಸೆರಗು ಸರಿಮಾಡಿಕೊಂಡು ನನ್ನ ಪಕ್ಕಕ್ಕೆ ಬಂದು ಕುಳಿತರು.

"ನನ್ನ ಉಪವಾಸ ಎಲ್ಲಾ ಮುಗದಾವ್ರಿ," ಎಂದರು. "ನನಗೂ ಒಂದು ಎಲಿ ಹಾಕ್ರಿ."

ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು.