ಹೊಗೆಯ ವಿಡಿಯೊ

ಬೆಳಗ್ಗೆ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ಸಣ್ಣಬೀರಪ್ಪ ಹರಿಹರದ ಕೈಗಾರಿಕಾ ಪ್ರದೇಶದ ಒಂದು ಗ್ಯಾಸ್ ಗೋದಾಮಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಆಗಷ್ಟೇ ದ್ರವ ಸಾರಜನಕ ತುಂಬಿಸಿದ ಕ್ಯಾನಿನೊಳಗೆ ಮರದ ಪಟ್ಟಿ ಇಳಿಸುತ್ತಿದ್ದ. ಪಟ್ಟಿ ಹೊರತೆಗೆದು ಗಾಳಿಯಲ್ಲಿ ಎರಡು ಸಲ ಬೀಸಿದರೆ, ದ್ರವ ಮುಟ್ಟಿದಷ್ಟು ಭಾಗಕ್ಕೆ ಬಿಳಿ ಹಿಮ ಕೂರುತ್ತದೆ. ಆ ಗೆರೆ ನೋಡಿ ಎಷ್ಟು ತುಂಬಿದೆ ಎಂದು ಹೇಳಬಹುದು. ಗೆರೆ ನೋಡುವಷ್ಟರಲ್ಲಿ ಜೇಬಿನ ಫೋನು ಸದ್ದು ಮಾಡಿತು.

ಅವನಿಗೆ ಸಂಬಳ ಕೊಡುವ ವನ್ಯಜೀವಿ ಟ್ರಸ್ಟಿನ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಬಂದಿತ್ತು. ದಾವಣಗೆರೆ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಅವನು ಕೆಲಸ ಮಾಡುವ ಕೋಣೆಯೇ. ಟ್ರಸ್ಟಿನ ಅಧ್ಯಕ್ಷ ಕೊಟ್ಟೂರೇಶ್, ಪಕ್ಕದಲ್ಲಿ ಶಾಲು ಹೊದ್ದ ದಾನಿ ಬಕ್ಕೇಶಪ್ಪ. ಇಬ್ಬರೂ ಸೇರಿ ದೊಡ್ಡ ಕ್ಯಾನಿನಿಂದ ಉದ್ದ ಹಿಡಿಯ ಒಳಡಬ್ಬಿಯನ್ನು ಪೂರ್ತಿ ಹೊರಗೆಳೆದು ಎದೆಮಟ್ಟಕ್ಕೆ ಹಿಡಿದಿದ್ದರು. ಡಬ್ಬಿಯಿಂದ ಬಿಳಿ ಹೊಗೆ ಸುರಿಯುತ್ತಿತ್ತು. "ಇನ್ನೊಂಚೂರು ಮ್ಯಾಲೆ ಸರ್, ಹೊಗೆ ಭಾರಿ ಬರ್ತೈತೆ" ಎಂದು ಯಾರೋ ಹುರಿದುಂಬಿಸುತ್ತಿದ್ದರು.

"ಇಳಿಸ್ರೋ ಕೆಳಗೆ!" ಸಣ್ಣಬೀರಪ್ಪ ಫೋನಿಗೇ ಕೂಗಿದ.

ಗ್ಯಾಸ್ ತುಂಬುವ ತೌಸೀಫ್ ಓಡಿ ಬಂದ. "ಯಾಕ ಬೀರಪ್ಪಣ್ಣ? ಯಾರು ಹೋದ್ರು?"

"ಇನ್ನೂ ಹುಟ್ಟದೇ ಇರೋರು" ಎಂದವನೇ ಕ್ಯಾನನ್ನು ಮೊಪೆಡ್ಡಿನ ಮುಂದೆ ಹಗ್ಗದಲ್ಲಿ ಬಿಗಿದು ಹೊರಟ.

ಆ ಒಳಡಬ್ಬಿಯಲ್ಲಿದ್ದದ್ದು ಹನ್ನೊಂದು ಸ್ಟ್ರಾ. ಕಡ್ಡಿಯಷ್ಟು ತೆಳ್ಳಗಿನ, ಎರಡೂ ಕಡೆ ಮುಚ್ಚಿದ ಕೊಳವೆಗಳು. ಅವುಗಳಲ್ಲಿ ಒಂದು ಗಂಡು ಕೊಂಡುಕುರಿಯ ವೀರ್ಯವಿತ್ತು. ಕೊಂಡುಕುರಿ ಎಂದರೆ ಕುರಿಯಲ್ಲ. ನಾಲ್ಕು ಕೊಂಬಿನ ಸಣ್ಣ ಹುಲ್ಲೆ, ಜಗಳೂರು ಕಡೆಯ ಕುರುಚಲು ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿದೆ. ಹೋದ ತಿಂಗಳು ಒಂದು ಗಂಡು ಲಾರಿಗೆ ಸಿಕ್ಕಿತ್ತು. ಅರಣ್ಯ ಇಲಾಖೆ ಅನುಮತಿ ಕೊಟ್ಟು, ಪಶುವೈದ್ಯರು ಶವಪರೀಕ್ಷೆ ಮುಗಿಸಿ ವೃಷಣ ಕೈಗಿಟ್ಟಾಗ, ಸಣ್ಣಬೀರಪ್ಪ ಅದನ್ನು ಐಸಿನ ಡಬ್ಬಿಯಲ್ಲಿ ತಂದಿದ್ದ. ಸತ್ತ ನಾಲ್ಕು ಗಂಟೆಯೊಳಗೆ ಜೀವಂತ ವೀರ್ಯಾಣು ಬೇರ್ಪಡಿಸಿ ಹೆಪ್ಪುಗಟ್ಟಿಸಿದ್ದರು. ಹೈದರಾಬಾದಿನ ಪ್ರಯೋಗಾಲಯ ಅದಕ್ಕಾಗಿ ಕಾಯುತ್ತಿತ್ತು. ಅಲ್ಲಿ ಒಂದು ಮುದಿ ಹೆಣ್ಣು ಕೊಂಡುಕುರಿ ಇತ್ತು. ಗುರುವಾರ ಅದರ ಅಂಡಾಣು ತೆಗೆದು ಈ ವೀರ್ಯದ ಜೊತೆ ಸೇರಿಸುವುದೆಂದು ನಿಗದಿಯಾಗಿತ್ತು. ಆ ವಯಸ್ಸಿಗೆ ಇನ್ನೊಂದು ಸಲ ಅರಿವಳಿಕೆ ಕೊಡುವ ಹಾಗಿರಲಿಲ್ಲ.

ಸ್ಟ್ರಾ ಇರಬೇಕಾದ್ದು ಮೈನಸ್ ನೂರ ತೊಂಬತ್ತಾರು ಡಿಗ್ರಿಯಲ್ಲಿ. ಒಳಡಬ್ಬಿಯನ್ನು ಕ್ಯಾನಿನ ಕತ್ತಿನವರೆಗೆ ಮಾತ್ರ ಎತ್ತಬೇಕು, ಹತ್ತು ಸೆಕೆಂಡಿನೊಳಗೆ ಮತ್ತೆ ಮುಳುಗಿಸಬೇಕು. ತಡವಾದರೆ ಒಳಗೆ ಹಿಮದ ಹರಳುಗಳು ಬೆಳೆದು ಜೀವಕೋಶವನ್ನು ಸೀಳುತ್ತವೆ. ಮತ್ತೆ ಮುಳುಗಿಸಿದರೆ ಸ್ಟ್ರಾ ಮೊದಲಿನ ಹಾಗೇ ಕಾಣುತ್ತದೆ. ಸತ್ತದ್ದು ಹೊರಗಿನಿಂದ ಗೊತ್ತಾಗುವುದಿಲ್ಲ.

ಇದನ್ನು ಅವನು ಕಲಿತದ್ದು ಮಲೆಬೆನ್ನೂರಿನಲ್ಲಿ. ಆವರಗೆರೆಯ ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಎಸ್ಸೆಸ್ಸೆಲ್ಸಿ ಮುಗಿಸಿ, ದನಗಳಿಗೆ ಕೃತಕ ಗರ್ಭಧಾರಣೆ ಮಾಡುವ ತರಬೇತಿ ಪಡೆದು, ಇಪ್ಪತ್ತೆರಡು ವರ್ಷ ಆ ಸುತ್ತಿನ ಹಳ್ಳಿಗಳನ್ನು ಮೊಪೆಡ್ಡಿನಲ್ಲಿ ಸುತ್ತಿದ್ದ. "ಹೋರಿ ಬಂತು ನೋಡ್ರೇ, ಟಿವಿಎಸ್ ಮ್ಯಾಲೆ!" ಎಂದು ಹೆಂಗಸರು ನಗುತ್ತಿದ್ದರು. ಅವನೂ ನಗುತ್ತಿದ್ದ. ಒಂದು ವರ್ಷ ಮಾತ್ರ ಮರಿಯವ್ವ ಎಂಬಾಕೆಯ ಎಮ್ಮೆಗೆ ಮೂರು ಸಲ ಹಾಕಿದರೂ ಗಬ್ಬ ನಿಲ್ಲಲಿಲ್ಲ. "ನೀನು ತಂದಿದ್ದು ನೀರೇನಪಾ?" ಎಂದಿದ್ದಳು. ವಿಚಾರಿಸಿದರೆ, ಅವನಿಗೆ ಸ್ಟ್ರಾ ಕೊಟ್ಟವನ ಕ್ಯಾನು ಒಂದು ವಾರ ದ್ರವವಿಲ್ಲದೆ ಒಣಗಿತ್ತು, ಆಮೇಲೆ ಅವನು ಸುಮ್ಮನೆ ಮತ್ತೆ ತುಂಬಿಸಿದ್ದ. ಮರಿಯವ್ವನ ಮನೆಯಲ್ಲಿ ಒಂದು ವರ್ಷ ಹಾಲಿರಲಿಲ್ಲ. ಅಂದಿನಿಂದ ಮರದ ಪಟ್ಟಿ ಇಳಿಸದೆ ಅವನು ಯಾವ ಕ್ಯಾನನ್ನೂ ನಂಬಿದವನಲ್ಲ.

ಬಿ ಬ್ಲಾಕಿನ ಕೋಣೆಗೆ ಬಂದಾಗ ಅತಿಥಿಗಳು ಖಾರ ಮಂಡಕ್ಕಿ ತಿಂದು ಹೋಗಿದ್ದರು. ಲ್ಯಾಬ್ ನೋಡಿಕೊಳ್ಳುವ ರೂಪಶ್ರೀ ಬಾಗಿಲಿಗೇ ಬಂದಳು. "ಬ್ಯಾಡ ಅಂದೆ ಅಣ್ಣ. 'ನಿನ್ನ ಹೆಸರೂ ಪೇಪರ್ನಾಗೆ ಹಾಕಸ್ತೀನಿ, ಸುಮ್ನಿರವ್ವ' ಅಂದ್ರು."

"ಒಂದು ಸ್ಟ್ರಾ ಕರಗಿಸಿ ನೋಡಾಣ."

ಮೂವತ್ತೇಳು ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಹಿಡಿದು, ಒಂದು ಹನಿ ಗಾಜಿನ ಮೇಲಿಟ್ಟು, ರೂಪಶ್ರೀ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಹೆಪ್ಪುಗಟ್ಟಿಸಿದ ದಿನ ಇಂಥದೇ ಒಂದು ಹನಿಯಲ್ಲಿ ನೂರಕ್ಕೆ ನಲವತ್ತು ಈಜುತ್ತಿದ್ದವು. ಅವಳು ಗಾಜನ್ನು ಆಚೆ ಈಚೆ ಸರಿಸಿದಳು. ತುಂಬ ಹೊತ್ತು ಸರಿಸಿದಳು.

"ಒಂದೂ ಅಲ್ಲಾಡ್ತಿಲ್ಲ ಅಣ್ಣ."

ಸಣ್ಣಬೀರಪ್ಪನ ಕಿವಿ ಬಿಸಿಯಾದವು. ಲಾರಿಯವನು ಕತ್ತಲಲ್ಲಿ ಕಾಣದೆ ಗುದ್ದಿದ್ದ. ಇವರು ಲೈಟು ಹಾಕಿಕೊಂಡು, ಕ್ಯಾಮೆರಾ ಹಿಡಿದು, ನಗುತ್ತ ಗುದ್ದಿದ್ದರು.

ಮಧ್ಯಾಹ್ನ ಕೊಟ್ಟೂರೇಶ್ ಬಂದ. ಮಂಡಿಪೇಟೆಯಲ್ಲಿ ಮೂರು ತಲೆಮಾರಿನ ಜವಳಿ ಅಂಗಡಿಯವನು. ಈ ಕೋಣೆಯನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟವನೂ ಅವನೇ. ಕೈಯಲ್ಲಿ ಸ್ಟ್ರಾಗಳ ಜೊತೆ ಹೈದರಾಬಾದಿಗೆ ಕಳಿಸುವ ನಮೂನೆಯ ಹಾಳೆ ಇತ್ತು. 'ಶೇಖರಣೆಯಲ್ಲಿ ತಾಪಮಾನ ಏರಿದೆಯೇ?' ಎಂಬಲ್ಲಿ 'ಇಲ್ಲ' ಎಂದು ಆಗಲೇ ಬರೆದಿತ್ತು. ಸಣ್ಣಬೀರಪ್ಪನ ಸಹಿ ಮಾತ್ರ ಬಾಕಿ.

"ನಾನು ಹಾಕಲ್ರಿ."

"ಹೊಗೆ ಬರ್ತಿತ್ತಲ್ಲಪ್ಪ. ಅಂದ್ರೆ ತಣ್ಣಗೇ ಇತ್ತು ತಾನೆ?"

"ಹೊಗೆ ಬರ್ತೈತೆ ಅಂದ್ರೆ ತಂಪು ಹೊರಗೆ ಹೋಗ್ತೈತೆ ಅಂತರಿ."

"ಒಂದು ಸ್ಟ್ರಾ ಸತ್ತಿದ್ರೆ ಉಳಿದ ಹತ್ತೂ ಸತ್ತಂಗಾ? ಕಳಿಸಿ ನೋಡಾಣ. ಬಂದ್ರೆ ಬಂತು, ಹೋದ್ರೆ ಹೋತು."

"ಹೋಗೋದು ನಮ್ಮದಲ್ರಿ, ಆ ಹೆಣ್ಣಿಂದು. ಇದನ್ನ ನಂಬ್ಕೊಂಡು ಅದರ ಹೊಟ್ಟೆಗೆ ಸೂಜಿ ಹಾಕ್ತಾರೆ. ಸತ್ತಿದ್ದನ್ನ ಅದರ ಅಂಡಾಣುಗೆ ಹಾಕಿದ್ರೆ, ಅವೂ ಹಾಳಾದ್ವು."

"ನೀನು ಎಮ್ಮೆ ಆಕಳು ನೋಡ್ಕೊಂಡು ಬಂದೋನು. ಇದು ಸೈನ್ಸು, ಬೀರಪ್ಪ."

"ಎಮ್ಮೆಗೆ ಕೊಡೋ ಮರ್ಯಾದೆನಾದ್ರೂ ಇದಕ್ಕೆ ಕೊಡ್ರಿ ಅಂತ ನಾನು ಹೇಳ್ತಿರೋದು!" ಅವನ ದನಿ ಹೊರಗಿನ ರಸ್ತೆಗೂ ಕೇಳಿತು. "ಶಾಲು ಹಾಕ್ರಿ, ಹಾರ ಹಾಕ್ರಿ, ಸ್ಟ್ರಾ ಇಲ್ಲದ ಕ್ಯಾನಿಂದ ಬೇಕಾದಷ್ಟು ಹೊಗೆ ಬಿಡಿಸ್ತಿದ್ದೆ. ಯಾಕ ನನ್ನ ಒಂದು ಮಾತು ಕೇಳ್ಲಿಲ್ಲ ನೀವು?"

ಕೊಟ್ಟೂರೇಶ್ ನಮೂನೆಯನ್ನು ಮಡಚಿ ಮೇಜಿನ ಮೇಲಿಟ್ಟ. "ನಾಲ್ಕು ಗಂಟೆಗೆ ಹೈದರಾಬಾದಿನ ಡಾಕ್ಟರ್ ಮೇಡಂ ಮಾತಾಡ್ತಾರೆ. ಅವರ ಮುಂದೆ ಬಾಯಿ ಬಿಟ್ರೆ ನಾಳೆಯಿಂದ ಬರಬ್ಯಾಡ" ಎಂದ. ಗದರಲಿಲ್ಲ, ಅಂಗಡಿಯಲ್ಲಿ ಬಟ್ಟೆಯ ದರ ಹೇಳುವಂತೆ ಹೇಳಿದ.

ಸಣ್ಣಬೀರಪ್ಪನಿಗೆ ಐವತ್ತನಾಲ್ಕು ವರ್ಷ. ಈ ಕೆಲಸ ಬಿಟ್ಟರೆ ಮತ್ತೆ ಮಲೆಬೆನ್ನೂರಿನ ರಸ್ತೆಗಳೇ. ಸೊಂಟ ಮೊದಲಿನ ಹಾಗಿಲ್ಲ. ಅವನು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತು, ಆ ವಿಡಿಯೊವನ್ನು ಕೈಗಡಿಯಾರ ನೋಡುತ್ತ ಮತ್ತೆ ಹಾಕಿದ. ಇನ್ನೊಮ್ಮೆ ಹಾಕಿದ. ಪ್ರತಿ ಸಲವೂ ಇಬ್ಬರೂ ಅಷ್ಟೇ ಅಗಲವಾಗಿ ನಕ್ಕರು. ಪ್ರತಿ ಸಲವೂ ಸಿಟ್ಟು ಹೊಸದಾಗಿ ಬಂತು.

ನಾಲ್ಕು ಗಂಟೆಗೆ ಪರದೆಯ ಮೇಲೆ ಹೈದರಾಬಾದಿನ ಡಾ. ರೇಖಾ ಬಂದರು. ಹರಿಹರದವರೇ, ಕನ್ನಡದಲ್ಲೇ ಮಾತಾಡಿದರು. "ವಿಡಿಯೊ ನನಗೂ ಯಾರೋ ಕಳಿಸಿದಾರೆ. ಪೂರ್ತಿ ಇಲ್ಲ, ತುಣುಕು. ನೇರ ಕೇಳ್ತೀನಿ. ಆ ಡಬ್ಬಿ ಎಷ್ಟು ಹೊತ್ತು ಹೊರಗಿತ್ತು? ಸರಿಯಿಲ್ಲ ಅಂದ್ರೆ ಗುರುವಾರದೊಳಗೆ ಬೇರೆ ಗಂಡಿನದು ಎಲ್ಲಾದರೂ ಹುಡುಕ್ತೀನಿ. ಇವತ್ತೇ ಗೊತ್ತಾಗಬೇಕು."

"ಒಂದು ಕ್ಷಣ ಅಷ್ಟೇ ಮೇಡಂ" ಎಂದ ಕೊಟ್ಟೂರೇಶ್, ನಗುತ್ತ. "ಕಣ್ಣು ಮುಚ್ಚಿ ತೆಗೆಯೋದ್ರಾಗೆ ಇಳಿಸಿದ್ವಿ."

ರೂಪಶ್ರೀ ತಲೆ ತಗ್ಗಿಸಿದಳು. ಸಣ್ಣಬೀರಪ್ಪ ಕುರ್ಚಿಯಿಂದ ಎದ್ದು, ಕೊಟ್ಟೂರೇಶನನ್ನು ಬದಿಗೆ ಸರಿಸಿ, ಪರದೆಯ ಮುಂದೆ ಬಂದು ನಿಂತ.

"ಎತ್ತಿದ್ದರಿಂದ ಇಳಿಸೋತನಕ ನನ್ನ ಫೋನ್ನಾಗೆ ಪೂರ್ತಿ ಐತ್ರಿ ಮೇಡಂ. ಗಡಿಯಾರ ಹಿಡ್ಕೊಂಡು ನೋಡೀನಿ" ಎಂದ. "ಐವತ್ತೆಂಟು ಸೆಕೆಂಡು."