ಹಿಮ ಬೀಳದ ಓಣಿಯ ಫೌಜಿ ಕಾಕಾ

ಏಪ್ರಿಲ್ ಬಿಸಿಲಲ್ಲೂ ಅವರ ಕಿವಿಯ ಮೇಲಿಂದ ಉಣ್ಣೆಯ ಟೊಪ್ಪಿಗೆ ಸರಿಯುತ್ತಿರಲಿಲ್ಲ. ಮೂಗಿನ ತುದಿ ಹಿಮಕ್ಕೆ ಸುಟ್ಟು ಕಪ್ಪಾಗಿತ್ತು. ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ ನಮ್ಮ ಎದುರು ಮನೆಯವರು. ಓಣಿಗೆಲ್ಲ ಫೌಜಿ ಕಾಕಾ.

ಸೈನ್ಯದಲ್ಲಿದ್ದಾಗ ಲಡಾಖಿನ ಮೂಲೆಯ ಒಂದು ಹಳ್ಳಿಯಲ್ಲಿ ಜ್ವರ ಬಂದು ಮಲಗಿದರಂತೆ. ಹಿಮ ಸುರಿದು ದಾರಿ ಮುಚ್ಚಿತು. ನಾಲ್ಕೈದು ಮನೆಗಳ ಆ ಊರಿನವರೇ ಚಳಿಗಾಲವಿಡೀ ಬಾರ್ಲಿ ಹಿಟ್ಟಿನ ಗಂಜಿ ಕುಡಿಸಿ ಉಳಿಸಿಕೊಂಡರು. ಯುದ್ಧದ ಕಥೆ ಎಂದೂ ಹೇಳದ ಕಾಕಾ ಆ ಊರಿನ ಮಾತು ಬಂದರೆ ನಿಲ್ಲಿಸುತ್ತಿರಲಿಲ್ಲ.

“ಅಲ್ಲಿ ಯಾರು ಮೊದಲ ಹೊರಗ ಬೀಳ್ತಾರೋ, ಅವರು ಮಗ್ಗಲ ಮನಿ ಬಾಗಲದ ಹಿಮಾ ತಗೀತಾರ.”

“ಆ ಮನಿಯವ್ರಽ ತಕ್ಕೊಳಂಗಿಲ್ಲೇನ್ರಿ?” ಎಂದು ನಾನು ಕೇಳಿದ್ದೆ.

“ಹಿಮಾ ಒತ್ತಿ ನಿಂತ ಬಾಗಲಾ ಒಳಗಿಂದ ತಗ್ಯಾಕ ಬರಂಗಿಲ್ಲ ಯವ್ವಾ. ಹೊರಗಿನವರಽ ಬರಬೇಕು.”

ವಯಸ್ಸು ಎಂಬತ್ತರ ಹತ್ತಿರ ಬಂದಾಗ ಅವರ ನೆನಪು ಕಲಸಿಹೋಯಿತು. ಇದು ಹುಬ್ಬಳ್ಳಿಯೋ ಆ ಹಳ್ಳಿಯೋ ಅವರಿಗೆ ತಿಳಿಯದಾಯಿತು. ಕಳೆದ ಬೇಸಿಗೆಯ ಒಂದು ಮುಂಜಾನೆ ಸಲಿಕೆ ಹಿಡಿದು ನಮ್ಮ ಗೇಟಿನ ಮುಂದಿನ ಒಣ ನೆಲ ಕೆರೆಯುತ್ತಿದ್ದರು.

“ಏನ್ ಮಾಡಾಕತ್ತೀರಿ ಕಾಕಾ?”

“ಬಾಗಲಾ ಬಿಡಿಸಾಕತ್ತೇನಿ. ಒಳಗಽ ಇರು.”

ನಾನು ಗೇಟು ತೆಗೆದು ಹೊರಗೆ ಬಂದೆ. ಅಷ್ಟರಲ್ಲಿ ಅವರು ಓಣಿಯ ಕೊನೆಗೆ, ನಿವೃತ್ತ ಶಿಕ್ಷಕಿ, ಒಬ್ಬರೇ ಇರುವ ಸಾಲಿ ಅಕ್ಕೋರ ಮನೆಗೆ ನಡೆದರು. ಅಲ್ಲೂ ಕೆರೆದರು, ಬಾಗಿಲು ಬಡಿದರು. ಅಕ್ಕೋರು ಹಿಂದಿನ ದಿನವೇ ಧಾರವಾಡಕ್ಕೆ ತಂಗಿಯ ಮನೆಗೆ ಹೋಗಿದ್ದಾರೆಂದು ನಾವೆಲ್ಲ ಅಂದುಕೊಂಡಿದ್ದೆವು. ಕಾಕಿ ಬಂದು ಗಂಡನ ಕೈ ಜಗ್ಗಿದರು.

“ಮನಿಗೆ ನಡೀರಿ. ಮಂದಿ ನೋಡಾಕತ್ತಾರ.”

“ಒಳಗ ಅದಾರ. ಕೈ ಬಿಡು.”

ಕಾಕಾರ ಸಮಾಧಾನಕ್ಕೆಂದು ನಾನು ಹಿಂದಿನ ಕಿಟಕಿಯಲ್ಲಿ ಇಣುಕಿದೆ. ಅಕ್ಕೋರು ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರು. ತೊಡೆಯ ಎಲುಬು ಮುರಿದಿತ್ತು, ಕೂಗಲು ದನಿ ಉಳಿದಿರಲಿಲ್ಲ. ಬಾಗಿಲು ಮುರಿದು ಆಸ್ಪತ್ರೆಗೆ ಒಯ್ದೆವು. ಬದುಕಿದರು.

“ಹೆಂಗ ಗೊತ್ತಾತ್ರಿ ಕಾಕಾ?” ಎಂದು ಸಂಜೆ ಕೇಳಿದೆ.

“ಅವರ ಮನ್ಯಾಗಿಂದ ಹೊಗಿ ಏಳಲಿಲ್ಲಲ್ಲ.”

ನಮ್ಮ ಓಣಿಯಲ್ಲಿ ಎಲ್ಲರದೂ ಗ್ಯಾಸಿನ ಒಲೆ, ಯಾರ ಮನೆಯಿಂದಲೂ ಹೊಗೆ ಏಳುವುದಿಲ್ಲ. ಅವರಿಗೆ ನರಳಿಕೆ ಕೇಳಿಸಿತ್ತೋ, ಅಥವಾ ಆ ಹಳ್ಳಿಯ ಯಾವುದೋ ಮುಂಜಾನೆ ಇದರ ಜೊತೆ ಬೆರೆತುಹೋಗಿತ್ತೋ, ನನಗೆ ಇಂದಿಗೂ ಬಗೆಹರಿದಿಲ್ಲ.

ಮಳೆಗಾಲ ಮುಗಿಯುವಾಗ ಕಾಕಾ ತೀರಿಕೊಂಡರು. ಅಕ್ಕೋರು ವಾಕರ್ ಹಿಡಿದು ಬಂದು ಅವರ ತಲೆಯ ಬಳಿ ಕುಳಿತರು. ಆಮೇಲೆ ನನ್ನ ಕಡೆ ತಿರುಗಿದರು.

“ನಾ ಆಸ್ಪತ್ರಿಯಿಂದ ಬಂದ ಮ್ಯಾಲ ದಿನಾ ಬಾಗಲಕ್ಕ ಬಂದು ಯಾವದೋ ಹೆಣ್ಮಗಳ ಹೆಸರು ಹಿಡದು ಕರೀತಿದ್ರು. ನಮ್ಮ ಕಡೆ ಹೆಸರಲ್ಲ ಅದು. ಮೊದಲ ತಿದ್ದತಿದ್ನಿ. ಆಮ್ಯಾಲ ಓ ಅನ್ನಾಕ ಹತ್ತಿದ್ನಿ.”